ದುರುಗಮ್ಮನ ನಾಲ್ಕನೆಯ ಎಲೆ

ಬೆಳಕು ಹರಿಯುವ ಹೊತ್ತಿಗೆ ದುರುಗಮ್ಮ ಸಿರುಗುಪ್ಪದ ಭತ್ತದ ಗದ್ದೆಗೆ ಇಳಿದಿದ್ದಾರೆ. ಕೆಸರಿನಲ್ಲಿ ಬೆರಳಾಡಿಸಿ, ಒಂದು ಕಡ್ಡಿಗೆ ನಾಲ್ಕೆಲೆ ಹೊತ್ತ ಪುಟ್ಟ ಕಳೆಯನ್ನು ಬೇರು ಹರಿಯದಂತೆ ಎತ್ತಿ, ಒದ್ದೆ ಅರಿವೆಯಲ್ಲಿ ಸುತ್ತುತ್ತಾರೆ. ಬದುವಿನ ಮೇಲಿರುವ ಗೆಳತಿ ಅಂಬಮ್ಮನಿಗೆ ನಗು ತಡೆಯುತ್ತಿಲ್ಲ.

"ಲೇ ದುರುಗಿ, ಮೊದ್ಲು ಇದನ್ನ ಕಿತ್ತು ಒಗಿತಿದ್ದಿ. ಈಗ ಕೂಸಿನಂಗ ಸುತ್ಕಂಡು ಹೊಂಟೀಯಲ್ಲ!"

"ಆಗ ಇದರ ವಯಸ್ಸು ನನಗ ಗೊತ್ತಿರಲಿಲ್ಲಬೇ."

ಬಳ್ಳಾರಿಯ ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರಲ್ಲಿ ಕಾಲೇಜಿನ ಗಿಡಗಳ ಕೋಣೆಯಿದೆ. ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸುವುದು ದುರುಗಮ್ಮನವರ ಕೆಲಸ. ಗಂಡ ತೀರಿಕೊಂಡ ವರ್ಷ, ತಮ್ಮ ನಲವತ್ತೇಳನೆಯ ವಯಸ್ಸಿನಲ್ಲಿ, ಕಸ ಗುಡಿಸಲು ಬಂದವರು. ಕಳೆ ಕಿತ್ತ ಆ ಬೆರಳುಗಳ ನಯ ಕಂಡು ಕೋಣೆಯ ಉಸ್ತುವಾರಿಯ ರಂಗಣ್ಣ ಮೇಷ್ಟ್ರು ಗೋಂದಿನ ಬಟ್ಟಲು ಕೊಟ್ಟರು. ನಾಲ್ಕು ವರ್ಷವಾಯಿತು, ಕೆಲಸ ಇನ್ನೂ ಹಂಗಾಮಿ. ದಿನಕ್ಕೆ ಹನ್ನೆರಡು ಹಾಳೆ. ಅಕ್ಷರ ಬಾರದು, ಆದರೆ ಕಪಾಟು ಬಾಯಿಪಾಠ. ಭೂಮಿಗೆ ಮೊದಲು ಬಂದವರು ಕೆಳಗೆ: ಹೂವನ್ನೇ ಬಿಡದ ಜರಿಗಿಡಗಳು, ಕುರುಗೋಡು ಗುಡ್ಡದ ಬಂಡೆ ಸಂದಿಯಲ್ಲಿ ಬೆಳೆಯುವ ನವಿಲುಗರಿಯಂಥ ಜರಿಯೂ ಅಲ್ಲೇ. ನಡುವೆ ಊಟಿಯಿಂದ ಬಂದ ಪೈನ್ ರೆಂಬೆಗಳು. ಮೇಲೆ ಹೂ ಬಿಡುವ ಗಿಡಗಳು. ದುರುಗಮ್ಮ ಮೇಷ್ಟ್ರಿಗೆ ಹೇಳುವುದು ಹೀಗೆ:

"ಕೆಳಗ ಮುತ್ತಜ್ಜೇರು, ನಡುವ ಅಜ್ಜೇರು, ಮ್ಯಾಗ ಮೊಮ್ಮಕ್ಕಳು. ಆ ಪೈನ್ ಮರ ನಿಂತದ್ದನ್ನ ಒಮ್ಮೆ ನೋಡಬೇಕ್ರಿ. ನಾ ಬರೇ ಮಲಗಿದ್ದನ್ನ ನೋಡೀನಿ."

ಅಜ್ಜಿಯ ಕಥೆಗಳಲ್ಲಿ ಏಳು ಕೋಟೆಯಾಚೆ ಇರುತ್ತಿದ್ದ ಕಾಲ ಇಲ್ಲಿ ಮೂರು ಹಲಗೆಯ ದೂರದಲ್ಲಿದೆ.

ಹೋದ ವಾರ ಮದ್ರಾಸಿನ ಸಸ್ಯಪಂಡಿತರಿಗೆ ಪರಿಶೀಲನೆಗೆ ಕಳಿಸುವ ಕಟ್ಟು ಸಿದ್ಧವಾಗಿತ್ತು. ಯಾರೋ ತಂದುಕೊಟ್ಟ ಒಂದೇ ಒಂದು ಒಣ ಕಡ್ಡಿಯ ಹಾಳೆಗೆ ಮೇಷ್ಟ್ರು 'ಹುಳಿಸೊಪ್ಪು' ಎಂದು ಬಾಯಲ್ಲಿ ಹೇಳುತ್ತಲೇ ಬರೆದು, ಹೂ ಬಿಡುವ ಗಿಡಗಳಿಗೆ ಸೇರಿಸಿದ್ದರು. ಹುಳಿಸೊಪ್ಪಿಗೆ ಮೂರೆಲೆ, ಹಾಳೆಯಲ್ಲೂ ಮೂರೇ ಇದ್ದವು. ನಾಲ್ಕನೆಯದು ಗುಡಿಸುವಾಗ ಮೇಜಿನ ಕೆಳಗೆ ಸಿಕ್ಕಿತು. ಅಂಟಿಸುವಾಗ ಉದುರಿದ್ದು ದುರುಗಮ್ಮನವರಿಗೆ ಕಂಡಿರಲಿಲ್ಲ. ನಾಲ್ಕೆಲೆ ಎಂದರೆ ಅದು ಗದ್ದೆಯ ಆ ಕಳೆಯೇ.

ಹೇಳಿದರೆ ಕೆಲಸ ಹೋಗಬಹುದು. ಸುಮ್ಮನಿದ್ದರೆ ಮದ್ರಾಸಿನಲ್ಲಿ ಮೇಷ್ಟ್ರ ಮಾನ ಹೋಗುತ್ತದೆ. ಎಲೆಯನ್ನು ಅಂಗೈಯಲ್ಲಿಟ್ಟುಕೊಂಡೇ ಹೋಗಿ ನಿಂತರು.

"ಸಾರ್, ಮುತ್ತಜ್ಜಿನ್ನ ಮೊಮ್ಮಕ್ಕಳ ಪಂಕ್ತ್ಯಾಗ ಕುಂದ್ರಿಸೀವ್ರಿ. ತಪ್ಪು ನಂದು."

"ನಾಕೆಲಿ ಇದ್ದ ಮಾತ್ರಕ್ಕ ಜರಿಗಿಡ ಆಗತೈತೇನಮ್ಮ?"

"ಇಪ್ಪತ್ತು ವರ್ಷ ಗದ್ದ್ಯಾಗ ಈ ಕಳಿ ಕಿತ್ತೀನ್ರಿ, ಒಂದು ಹೂ ಕಂಡಿಲ್ಲ. ಎಳೀ ಎಲಿ ಜರಿಗಿಡದ್ದರಂಗ, ಚಕ್ಕುಲಿ ಸುತ್ತಿದಂಗ ಸುತ್ಕಂಡು ಹುಟ್ಟತೈತಿ. ಹುಳಿಸೊಪ್ಪು ಹಂಗ ಹುಟ್ಟತೈತೇನ್ರಿ?"

ಮೇಷ್ಟ್ರು ಆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕಟ್ಟು ಬಿಚ್ಚಿದರು. "ಮುಂದಿನ ಸೋಮವಾರದತನ ತಡೀತೀನಿ. ಬೇರು ಸಮೇತ ತಗಂಡು ಬಾ. ನಿನ್ನ ಕೆಲಸದ ಮಾತು ಆಮ್ಯಾಗ."

ಸಿರುಗುಪ್ಪದಿಂದ ತಂದ ಗಿಡ ನಾಲ್ಕು ದಿನ ಕಾಗದದ ನಡುವೆ ಕಲ್ಲಿನ ಭಾರ ಹೊತ್ತು ಒಣಗುತ್ತದೆ. ಬೆಳಿಗ್ಗೆ ಸಂಜೆ ದುರುಗಮ್ಮ ಕಾಗದ ಬದಲಿಸುತ್ತಾರೆ. ಸೋಮವಾರ ಮೇಷ್ಟ್ರು ಭೂತಗನ್ನಡಿ ಹಿಡಿದು ಎಳೆ ಎಲೆಯ ಸುರುಳಿ ನೋಡುತ್ತಾರೆ. 'ಹುಳಿಸೊಪ್ಪು' ಎಂದಿದ್ದ ಚೀಟಿಯನ್ನು ಹರಿದುಹಾಕಿ, ದುರುಗಮ್ಮ ಅಂಟಿಸಿದ ಹೊಸ ಹಾಳೆಯನ್ನು ಜರಿಗಿಡಗಳ ಕಟ್ಟಿನಲ್ಲಿಡುತ್ತಾರೆ.

"ನಾಳೆ ಇನ್ನೊಂದು ಹೊರಿ ಗಿಡ ಬರತಾವಮ್ಮ. ಗೋಂದು ಜಾಸ್ತಿ ಕಲಸಿಡು."

ಕೆಲಸದ ಮಾತು ಅಷ್ಟೇ. ದುರುಗಮ್ಮ ಸೆರಗಿಗೆ ಕೈ ಒರೆಸಿಕೊಂಡು, ದಾರ ಬಿಗಿಯುವ ಮುನ್ನ ಹಾಳೆಯ ಮೇಲೆ ಬೆರಳಿಟ್ಟು ಎಣಿಸುತ್ತಾರೆ.

"ನಾಕೂ ಅದಾವು. ಹೋಗಿ ಬಾ ಮುತ್ತಜ್ಜಿ."