ಇನ್‌ಸ್ಪೆಕ್ಟರ ಮೇಜಿನ ಮೇಲೆ ಕರ್ಪೂರ

ವಿಜಯನಗರದ ದರ್ಶಿನಿಯಲ್ಲಿ ನಿಂತು ಕಾಫಿ ಹೀರುತ್ತಿದ್ದೆ. ಗೋಡೆಯ ಟಿವಿಯಲ್ಲಿ ಹೊಸ ಮಂತ್ರಿಗಳ ಪ್ರಮಾಣವಚನ. ಪಕ್ಕದಲ್ಲಿದ್ದವನೊಬ್ಬ ಗೆಳೆಯನಿಗೆ, "ಓದ್ಬಿಟ್ಟು ಮರ್ತೋಗ್ತಾರೆ, ಬಿಡು ಗುರು" ಎಂದ. ನಾನೂ ತಲೆಯಾಡಿಸುವವನಿದ್ದೆ, ನಮ್ಮಜ್ಜಿ ನೆನಪಿಗೆ ಬಂದು ತಡೆದಳು.

ನೀವು ಅವಳನ್ನು ನೋಡಬೇಕಿತ್ತು. ಬಾಪೂಜಿ ನಗರದಲ್ಲಿ ರಾಗಿ ಹೊಲವಿದ್ದ ಕಾಲದವಳು. ಹೊಲ ಹೋಗಿ ವಠಾರ ಬಂದರೂ ಅವಳ ನ್ಯಾಯ ಮಾತ್ರ ಹಳೆಯದೇ. ಬಾಡಿಗೆಯವರು ನಲ್ಲಿ ನೀರಿಗೆ ಜಗಳವಾಡಿದರೂ ಮಾರಮ್ಮನ ಗುಡಿಗೆ ಕರೆದೊಯ್ದು, ಉರಿಯುವ ಕರ್ಪೂರವನ್ನು ಅವರ ಅಂಗೈಯಿಂದಲೇ ಆರಿಸಿ ಆಣೆ ಮಾಡಿಸುತ್ತಿದ್ದಳು. ಒಮ್ಮೆ ಕೊಬ್ಬರಿ ಮಿಠಾಯಿಯ ವಿಚಾರವಾಗಿ ನನ್ನಿಂದಲೂ ಮಾಡಿಸಿದ್ದಳು. ಅಂಗೈಗಿಂತ, ನಿಜ ಒಪ್ಪಿಕೊಂಡದ್ದೇ ಹೆಚ್ಚು ಉರಿಯಿತು.

ನಾನು ಕಾಲೇಜಿನಲ್ಲಿದ್ದಾಗ ನಮ್ಮ ವಠಾರದ ಆಟೋ ನಾಗೇಶನನ್ನು ಪೊಲೀಸರು ಕರೆದೊಯ್ದರು. ಯಾವುದೋ ಗೋದಾಮಿನ ಕಳವಿನ ಅನುಮಾನ. ಮರುದಿನ ಬೆಳಿಗ್ಗೆಯಾದರೂ ಬಿಡಲಿಲ್ಲ, ಕೋರ್ಟಿಗೂ ಒಯ್ಯಲಿಲ್ಲ, ಹೆಂಡತಿಗೆ ಅವನ ಮುಖವನ್ನೂ ತೋರಿಸಲಿಲ್ಲ. ಅಜ್ಜಿ ಅವಳನ್ನೂ ನನ್ನನ್ನೂ ಹೊರಡಿಸಿಕೊಂಡು ಸ್ಟೇಷನ್ನಿಗೆ ನಡೆದಳು. ದಾರಿಯುದ್ದಕ್ಕೂ ನಾನು ಭಾರೀ ಭಾಷಣ ಹೊಸೆದಿದ್ದೆ. ಒಳಗೆ ಹೋದಮೇಲೆ "ನಮಸ್ಕಾರ ಸಾರ್" ಎಂಬುದಷ್ಟೇ ಹೊರಬಿತ್ತು.

"ವಿಚಾರಣೆ ಮುಗೀಲಿ ಅಜ್ಜಿ, ಕಳಿಸ್ತೀವಿ. ಒಂದೇಟೂ ಹೊಡೆದಿಲ್ಲ," ಎಂದರು ಇನ್‌ಸ್ಪೆಕ್ಟರು.

ಅಜ್ಜಿ ಸೆರಗಿನ ಗಂಟು ಬಿಚ್ಚಿ ಕರ್ಪೂರವನ್ನು ಅವರ ಮೇಜಿನ ಮೇಲಿಟ್ಟಳು. "ಹಂಗಾದ್ರೆ ಹಚ್ಚು. ಆರಿಸ್ಬುಟ್ಟು ಹೇಳಪ್ಪ."

ಕಾನ್‌ಸ್ಟೇಬಲ್ ಒಬ್ಬ ಕಿಸಕ್ಕನೆ ನಕ್ಕ. ಇನ್‌ಸ್ಪೆಕ್ಟರು ನಗಲಿಲ್ಲ. "ಇದೆಲ್ಲಾ ಇಲ್ಲಿ ನಡೆಯಲ್ಲ ಅಜ್ಜಿ. ಕೆಲಸಕ್ಕೆ ಸೇರೋವಾಗ್ಲೇ ಸಂವಿಧಾನದ ಮೇಲೆ ಪ್ರಮಾಣ ಮಾಡಿದ್ದೀನಿ."

"ಯಾರೆದುರಿಗೆ?"

"ಎಲ್ರೆದುರಿಗೂ."

"ನಾವಿರ್ಲಿಲ್ವಲ್ಲಪ್ಪ. ಏನಂತ ಮಾಡ್ದೆ, ಇವಳಿಗೂ ಒಸಿ ಹೇಳು," ಎಂದು ನಾಗೇಶನ ಹೆಂಡತಿಯನ್ನು ಮುಂದಕ್ಕೆ ತಳ್ಳಿದಳು.

ಅವರು ಆ ಹೆಂಗಸಿನ ಮುಖ ನೋಡಿದರು. ಗಡಿಯಾರದ ಕಡೆ ಕಣ್ಣು ಹಾಯಿಸಿ, "ಇಪ್ಪತ್ನಾಲ್ಕು ಗಂಟೆ ಒಳಗೆ ಹಾಜರು ಮಾಡ್ಬೇಕು. ಜೀಪ್ ತೆಗೀರಿ. ನಾಗೇಶನ್ನ ಈಗ್ಲೇ ಮ್ಯಾಜಿಸ್ಟ್ರೇಟ್ ಹತ್ರ ಕರ್ಕೊಂಡೋಗೋಣ," ಎಂದರು. ಸಂಜೆಗೆ ಜಾಮೀನು ಸಿಕ್ಕಿ ನಾಗೇಶ ಮನೆಯಲ್ಲಿದ್ದ.

ಇನ್‌ಸ್ಪೆಕ್ಟರನ್ನು ನಾನು ಬಾಯ್ತುಂಬ ಹೊಗಳಿದೆ. "ಒಳ್ಳೇವ್ನೇ ಕಣೋ," ಎಂದಳು ಅಜ್ಜಿ. "ಆದ್ರೂ ಕೇಳೋರು ಹೋಗ್ಬೇಕಾಯ್ತಲ್ಲ."

ಅಧಿಕಾರಿಗಳು ತಮ್ಮ ಪ್ರಮಾಣ ಉಳಿಸಿಕೊಳ್ಳುತ್ತಾರೆಯೇ ಎಂದು ನೀವು ಕೇಳಿದರೆ, ಉಳಿಸಿಕೊಳ್ಳುತ್ತಾರೆ ಎಂದೇ ಹೇಳುತ್ತೇನೆ. ಅದನ್ನು ನೆನಪಿಸುವ ಮುಖವೊಂದು ಎದುರಿಗಿರಬೇಕು. ನಮ್ಮ ಬೀದಿಯ ಹೂ ಮಾರುವ ಆಂಟಿಯನ್ನು ಪಾಲಿಕೆಯವರು ಯಾವ ಕಾರಣವನ್ನೂ ಹೇಳದೆ ಫುಟ್‌ಪಾತಿನಿಂದ ಎಬ್ಬಿಸಿದ್ದಾರೆ. ನಾಳೆ ವಾರ್ಡ್ ಕಚೇರಿಗೆ ಆಂಟಿಯನ್ನೂ ಕರೆದುಕೊಂಡು ಹೋಗುತ್ತೇನೆ. ಮಾತು ಅವರದು. ಉತ್ತರ ಬರುವತನಕ ಪಕ್ಕದಲ್ಲಿ ನಿಲ್ಲುವುದು ನನ್ನದು.