ಮಚ್ಚಿನ ಬಾಯಿ ಯಾವ ಕಡೆ

ಊರಿನ ಹುಡುಗರು ಕೆಟ್ಟಿರುವುದಕ್ಕೆ ನಮ್ಮಪ್ಪನ ಬಳಿ ಇರುವುದು ಒಂದೇ ಕಾರಣ: ಸಿನಿಮಾ. ಯಾರಾದರೂ ಬೈಕ್ ಜೋರಾಗಿ ಓಡಿಸಿದರೆ ಸಿನಿಮಾ, ಗಡ್ಡ ಬಿಟ್ಟರೆ ಸಿನಿಮಾ, ಸಾರಿಗೆ ಉಪ್ಪು ಕಡಿಮೆಯಾದರೂ ಸಿನಿಮಾ. ಇದನ್ನು ಹೇಳುವಾಗ ಅಪ್ಪ ಕೈ ಹಿಂದೆ ಕಟ್ಟಿ, ಎರಡು ಹೆಜ್ಜೆ ನಡೆದು, ಕಿಟಕಿಯಾಚೆ ನೋಡಿ, ಸ್ವಲ್ಪ ಸುಮ್ಮನಿದ್ದು, ಆಮೇಲೆ ಸರಕ್ಕನೆ ತಿರುಗುತ್ತಾರೆ. ಹಾಗೆ ತಿರುಗುವುದನ್ನು ರಾಗಿ ಹೊಲದಲ್ಲಿ ಯಾರೂ ಕಲಿಸುವುದಿಲ್ಲ. ಅದು ಕಪ್ಪು ಬಿಳುಪು ಚಿತ್ರಗಳ ಶ್ರೀಮಂತ ತಂದೆಯದು. ಇಳಿದು ಬರಲು ನಮ್ಮ ಮನೆಯಲ್ಲಿ ಮಹಡಿ ಮೆಟ್ಟಿಲಿಲ್ಲ, ಅಷ್ಟೇ ಕೊರತೆ.

ಇದನ್ನು ನಾನು ಥಟ್ಟನೆ ಗುರುತಿಸಬಲ್ಲೆ, ಏಕೆಂದರೆ ಅಣಕಿಸುವುದೇ ನನ್ನ ಕಸುಬು. ಗೆಂಡೆಹಳ್ಳಿಯ ಮದುವೆಮನೆಯಿರಲಿ, ಬೇಲೂರಿನ ಕಾಲೇಜು ಸಮಾರಂಭವಿರಲಿ, ಮೈಕ್ ಕೈಗೆ ಸಿಕ್ಕರೆ ಬಿಡುವವನಲ್ಲ. ಖಳನಾಯಕರ ನಗುವಂತೂ ಮೀಸೆ ಮೂಡುವ ಮೊದಲೇ ಕೈವಶವಾಗಿತ್ತು. ಅಷ್ಟೊಂದು ದುಷ್ಟರನ್ನು ಗಂಟಲಲ್ಲಿ ಸಾಕಿಕೊಂಡೂ, ಬಚ್ಚಲಲ್ಲಿ ಜಿರಳೆ ಕಂಡರೆ ಇವತ್ತಿಗೂ ಅಮ್ಮನನ್ನೇ ಕೂಗುತ್ತೇನೆ. ಕೂಗುವ ದನಿ ಮಾತ್ರ ಖಳನಾಯಕನದು.

ನನ್ನ ಅಣ್ಣ ಹಾಗಲ್ಲ. ಭತ್ತ, ರಾಗಿ, ಶುಂಠಿ ಬೆಳೆದುಕೊಂಡು, ಟ್ರ್ಯಾಕ್ಟರಿನ ಜೊತೆ ಮಾತ್ರ ಮನಬಿಚ್ಚಿ ಮಾತಾಡುವ ಮನುಷ್ಯ. ಹುಡುಗ ಊರಲ್ಲೇ ಇದ್ದು ಬೇಸಾಯ ಮಾಡುತ್ತಾನೆ ಎಂದು ತಿಳಿದೊಡನೆ ಹೆಣ್ಣಿನ ಕಡೆಯವರ ಫೋನು ತಣ್ಣಗಾಗುತ್ತಿತ್ತು. ಅಂತೂ ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆಯೊಂದು ಬನ್ನಿ ಎಂದಿತು. ಹುಡುಗಿಯ ಫೋಟೊ ನೋಡಿದ ಮೇಲೆ ಅಣ್ಣ ಟ್ರ್ಯಾಕ್ಟರಿಗೂ ಹಾಡು ಹೇಳತೊಡಗಿದ.

ಆ ಹುರುಪಿನಲ್ಲೇ ಒಂದು ರೀಲ್ಸ್ ಮಾಡಿದ. ಎತ್ತಿ ಕಟ್ಟಿದ ಪಂಚೆ, ಕಪ್ಪು ಕನ್ನಡಕ, ಹೆಗಲ ಮೇಲೆ ಮಚ್ಚು. ಹಿಂದೆ ಒದ್ದೆ ಹುಲ್ಲಿಗೆ ಬೆಂಕಿಯಿಟ್ಟು ಎಬ್ಬಿಸಿದ ಹೊಗೆ, ಗದ್ದೆ ಬದುವಿನ ಮೇಲೆ ಸ್ಲೋ ಮೋಷನ್ ನಡಿಗೆ. ಗುಡುಗಿನಂಥ ದನಿ ನನ್ನದು: "ಈ ಮಣ್ಣಿಗೆ ಕೈ ಹಾಕಿದೋನು..." ಎನ್ನುವಷ್ಟರಲ್ಲಿ ಹೊಗೆ ನನ್ನ ಮೂಗಿಗೇ ನುಗ್ಗಿ ಕೆಮ್ಮು ಬಂತು. ಕೆಮ್ಮನ್ನೂ ಹಾಗೇ ಬಿಟ್ಟೆವು. ಜನ ಕೆಮ್ಮಿಗೇ ಬಿದ್ದು ಬಿದ್ದು ನಕ್ಕರು. ಕೆಮ್ಮುತ್ತಾ ಕೆಮ್ಮುತ್ತಾ ಆ ರೀಲ್ಸ್ ಅರಸೀಕೆರೆಗೂ ಹೋಯಿತು.

ಸಂಬಂಧ ತಂದಿದ್ದ ಮಾವ ಫೋನು ಮಾಡಿದರು. "ಹುಡ್ಗಿ ಅಪ್ಪ ನೋಡ್ಬಿಟ್ಟವ್ರೆ. 'ಬರ್ಲಿ, ಆ ಮಚ್ಚಿನ ವಿಚಾರ ಕೇಳ್ಬೇಕು' ಅಂದ್ರು."

ಅಪ್ಪ ಕಿಟಕಿಯ ಕಡೆ ನಡೆದರು. ಈ ಸಲ ತಿರುಗಲೇ ಇಲ್ಲ. "ಬಡ್ಕಂಡೆ ಕಣ್ರೋ," ಎಂದರು ಕಿಟಕಿಗೇ.

ಅಣ್ಣ ಗಡ್ಡ ತೆಗೆದ. ಸಾಲದೆಂದು ಹಣೆ ತುಂಬ ವಿಭೂತಿ ಬಳಿದುಕೊಂಡ. ಹಳೇಬೀಡಿನಲ್ಲಿ ಬಸ್ ಬದಲಿಸುವಾಗ ಯಾವನೋ ಕಾಲೇಜು ಹುಡುಗ "ಅಣ್ಣೋ, ಕೆಮ್ಮಣ್ಣೋ!" ಎಂದು ಕೂಗಿದ್ದೇ ತಡ, ಮುಖವನ್ನು ಹೂವಿನ ಚೀಲದೊಳಗೆ ತೂರಿಸಿಬಿಟ್ಟ. ಕೆಮ್ಮು ನನ್ನದು, ಹೆಸರು ಅವನಿಗೆ.

ಹುಡುಗಿಯ ಮನೆ ಜಗಲಿಯಲ್ಲಿ ಕೂತಿದ್ದ ಅಜ್ಜಿ ನಮ್ಮನ್ನು ನೋಡಿದವಳೇ ಒಳಗೆ ಕೂಗಿದಳು: "ಬಾರ್ಲಾ ಮಗ, ಮಚ್ಚಿನ ಹುಡ್ಗ ಬಂದವ್ನೆ!"

ಹುಡುಗಿಯ ಅಪ್ಪ ಬಂದರು. ಒಂದು ಕೈಯಲ್ಲಿ ಎಳನೀರು, ಇನ್ನೊಂದರಲ್ಲಿ ಮಚ್ಚು. ಎರಡನ್ನೂ ಅಣ್ಣನ ಮುಂದಿಟ್ಟು, "ಕೆತ್ತಪ್ಪ, ನೋಡನ," ಎಂದರು.

ಅಣ್ಣ ಒಂದೇಟು ಹಾಕಿದ. ಮಚ್ಚು ಕಾಯಿಗೆ ಕಚ್ಚಿಕೊಂಡಿತು. ಎತ್ತಿದರೆ ಕಾಯಿಯೂ ಜೊತೆಗೇ ಬಂತು. ಕೊಡವಿದ, ಬೀಳಲಿಲ್ಲ. ಗದೆ ಹಿಡಿದ ಭೀಮನ ಹಾಗೆ ಅಂಗಳದಲ್ಲಿ ನಿಂತ.

ಹುಡುಗಿಯ ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ರೌಡಿ ಅಂದ್ಕಂಡೆ ಅಂತ ತಿಳ್ಕಂಡ್ರಾ? ಆ ವಿಡಿಯೋದಾಗೆ ಮಚ್ಚಿನ ಬಾಯಿ ಇವ್ನ ಕುತ್ಗೆ ಕಡೀಗೇ ಐತೆ. ಹೊಡ್ದಾಡೋನೂ ಹಂಗೆ ಇಟ್ಕಳಲ್ಲ, ತೋಟದೋನೂ ಇಟ್ಕಳಲ್ಲ. ಎಲ್ಲಾದ್ರೂ ಎಡವಿದ್ರೆ ಮದ್ವೇಗ್ ಮುಂಚೇನೇ ಗಂಡು ಹೋಯ್ತಾನಲ್ಲಪ್ಪ ಅಂತ ನಂಗೆ ದಿಗಿಲು!"

ಅಪ್ಪನಿಗೆ ಜೀವ ಬಂದು, "ಎಲ್ಲಾ ಆ ಸಿನಿಮಾದಿಂದ..." ಎಂದು ಕೈ ಹಿಂದೆ ಕಟ್ಟಿದರು.

"ಅಯ್ಯ, ಸುಮ್ಕಿರಪ್ಪ," ಎಂದಳು ಅಜ್ಜಿ. "ನಾನೂ ದಿನಾ ಸಂಜೆ ಧಾರಾವಾಹಿ ನೋಡ್ತೀನಿ. ನನ್ ಸೊಸೆಗೆ ವಿಷ ಹಾಕಿದ್ದೀನಾ?"

ಎಲ್ಲರೂ ನಕ್ಕರು. ಕಾಫಿ ಹಿಡಿದು ಬಂದ ಹುಡುಗಿ ಮಾತ್ರ ನಗಲಿಲ್ಲ. ಲೋಟ ಕೊಟ್ಟವಳು ಅಲ್ಲೇ ನಿಂತು ಅಣ್ಣನನ್ನು ಕೇಳಿದಳು:

"ಮಚ್ಚು ಬಿಡಿ. ಸಿನಿಮಾದಲ್ಲಿ ಹುಡುಗಿ ಬೇಡ ಅಂದ್ರೂ ಹೀರೋ ಹಿಂದೆ ಹಿಂದೇನೇ ಬರ್ತಾನೆ. ಕೊನೆಗೆ ಅವಳೇ ಒಪ್ತಾಳೆ. ಅದನ್ನ ನೋಡ್ಕೊಂಡು ಒಬ್ಬ ನಮ್ ಕಾಲೇಜ್ ಬಸ್ಸಲ್ಲಿ ದಿನಾ ನನ್ ಸೀಟ್ ಪಕ್ಕ ನಿಲ್ತಿದ್ದ. ನಾನೇ ಬಸ್ ಬಿಡ್ಬೇಕಾಯ್ತು. ಈಗ ನಾನು ಬೇಡ ಅಂದ್ರೆ ನೀವೇನ್ ಮಾಡ್ತೀರಿ?"

ನನ್ನ ಗಂಟಲಿನ ಖಳರೆಲ್ಲ ಎಲ್ಲಿ ಅಡಗಿದರೋ. ಸಿನಿಮಾ ನೋಡಿ ಯಾರೂ ಕೆಡುವುದಿಲ್ಲ ಎಂದು ಅಪ್ಪನ ಜೊತೆ ವಾದಿಸುವಾಗ ನಾನು ಲೆಕ್ಕಕ್ಕೆ ಹಿಡಿದಿದ್ದು ಮಚ್ಚು, ರಕ್ತ ಮತ್ತು ಖಳನ ನಗುವನ್ನಷ್ಟೇ. ಹೀಗೆ ಹಿಂದೆ ಬೀಳುವುದನ್ನು ಹಿಡಿದೇ ಇರಲಿಲ್ಲ. ಇದನ್ನು ಮಾಡುವವನು ಖಳನಲ್ಲ, ನಾಯಕ. ಅವನು ಹುಡುಗಿಯ ಹಿಂದೆ ಹೊರಟಾಗ ಶಿಳ್ಳೆ ಹಾಕುವವನು ನಾನೇ.

ಅಣ್ಣ ಮಚ್ಚು ಕಚ್ಚಿದ ಎಳನೀರನ್ನು ಮೆಲ್ಲಗೆ ಕೆಳಗಿಟ್ಟ. ಟ್ರ್ಯಾಕ್ಟರಿಗೆ ಹೇಳುವ ದನಿಯಲ್ಲೇ ಹೇಳಿದ: "ಹಳೇಬೀಡಿಗೆ ಮಧ್ಯಾಹ್ನ ಬಸ್ ಐತಂತೆ. ಹತ್ಕಂಡ್ ಹೋಯ್ತೀನಿ. ಬೇಜಾರಾಯ್ತದೆ. ಆದ್ರೂ ಹೋಯ್ತೀನಿ." ಕಾಯಿಯ ಕಡೆ ನೋಡಿ ಸೇರಿಸಿದ: "ಎಳನೀರ್ ಕುಡ್ಕಂಡ್ ಹೋಗ್ಬೋದಾ?"

ಆಗ ಹುಡುಗಿ ನಕ್ಕಳು. ಮಚ್ಚಿನ ಹಿಡಿಯನ್ನು ಕೊಂಚ ತಿರುವಿದಳು, ಅದು ಬೆಣ್ಣೆಯಿಂದ ಬಂದಂತೆ ಕಾಯಿಯಿಂದ ಬಂತು. ಚಕಚಕನೆ ಕೆತ್ತಿ ಅಣ್ಣನ ಕೈಗೆ ಕೊಟ್ಟು ಅಂದಳು: "ನಿಧಾನಕ್ಕೆ ಕುಡೀರಿ. ಇವತ್ತು ಆ ಬಸ್ಸು ಬೇಡ."

"ಎಲೆ ಅಡ್ಕೆ ತಟ್ಟೆ ತಗಂಬಾರ್ಲಾ!" ಎಂದು ಅಜ್ಜಿ ಕೂಗಿದಳು.

ಆ ಹುಡುಗಿಯೇ ಈಗ ನನ್ನ ಅತ್ತಿಗೆ. ಹಿತ್ತಿಲಿನ ತೆಂಗಿನಡಿ ಅಣ್ಣನಿಗೆ ಮಚ್ಚು ಹಿಡಿಯುವುದನ್ನು ಕಲಿಸುತ್ತಿದ್ದಾರೆ. ಶಿಷ್ಯ ದಡ್ಡ, ಬೇಕೆಂದೇ ದಡ್ಡ ಎಂದು ನನ್ನ ಗುಮಾನಿ. ಮೊನ್ನೆ ಹೊಸ ರೀಲ್ಸ್ ಮಾಡಿದೆವು. ಮುಂದೆ ಅತ್ತಿಗೆ, ಹೆಗಲ ಮೇಲೆ ಮಚ್ಚು, ಬಾಯಿ ಹೊರಗಡೆಗೆ. ಹಿಂದೆ ಮಕ್ಕರಿ ತುಂಬ ಕಾಯಿ ಹೊತ್ತ ಅಣ್ಣ. ಬರಲು ಅಪ್ಪಣೆ ಸಿಕ್ಕಿದೆ, ಅದಕ್ಕೇ ಹಿಂದೆ ಬರುತ್ತಿದ್ದಾನೆ.

"ಮತ್ತೆ ಶುರು ಹಚ್ಕಂಡ್ರಾ ಸಿನಿಮಾನ?" ಎಂದು ಗದರುತ್ತಾ ಅಪ್ಪ ಹಿತ್ತಿಲಿಗೆ ಬಂದರು. ಮೊಬೈಲ್ ಯಾವ ಕಡೆ ಇದೆ ಎಂದು ಓರೆಗಣ್ಣಲ್ಲಿ ನೋಡಿಕೊಂಡು, ಕೈ ಹಿಂದೆ ಕಟ್ಟಿ, ಎರಡು ಹೆಜ್ಜೆ ನಡೆದು, ಸರಕ್ಕನೆ ತಿರುಗಿದರು.

ಆಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದು ಕೇಳಿದರು: "ಲೋ, ಸರ್ಯಾಗ್ ಬಂತೇನ್ಲಾ?"