ದ್ರಾಕ್ಷಿ ಚಪ್ಪರದ ಮೇಲಿನ ಮೀನಿನ ಬಲೆ

ನಿನ್ನೆ ಬಾಲ್ಕನಿಗೆ ಪಾರಿವಾಳ ಬರದ ಹಾಗೆ ಬಲೆ ಕಟ್ಟೋಕೆ ಒಬ್ಬ ಹುಡುಗ ಬಂದಿದ್ದ. ಬಲೆಯ ಗಂಟು ಬೆರಳಿಗೆ ತಾಗಿದ್ದೇ ತಡ, ನಾನು ತೂಬಗೆರೆಯ ನಮ್ಮ ದ್ರಾಕ್ಷಿ ತೋಟದಲ್ಲಿದ್ದೆ.

ನಾನಿನ್ನೂ ಚಿಕ್ಕೋಳು, ಏರ್‌ಪೋರ್ಟ್ ಕಟ್ಟೋಕೆ ಮಣ್ಣಿನ ಲಾರಿಗಳು ಓಡಾಡ್ತಿದ್ದ ಕಾಲ. ಹಕ್ಕಿ ಕಾಟ ಅಂತ ಅಪ್ಪ ಮಂಗಳೂರಿಂದ ಟ್ರಾಲರ್ ಬೋಟಿನ ಹಳೇ ಮೀನಿನ ಬಲೆ ತರಿಸಿ ಚಪ್ಪರಕ್ಕೆ ಹೊದಿಸಿದ್ರು. ಮೀನು, ಡೀಸೆಲ್ ಬೆರೆತ ವಾಸನೆಗೆ ಅಜ್ಜಿ ಸೆರಗಲ್ಲಿ ಮೂಗು ಮುಚ್ಕೊಂಡ್ರೆ, ತಾತ ಅದರ ಕೆಳಗೇ ಕೂತು ಕಾಫಿ ಕುಡಿಯೋರು.

ತಾತ ವಯಸ್ಸಲ್ಲಿ ನೇವಿಯಲ್ಲಿದ್ದವರು. "ನಮ್ ಹಡಗು ಮೊದ್ಲು ಮೀನು ಹಿಡಿಯೋ ಟ್ರಾಲರ್ ಕಣಮ್ಮ. ಬ್ರಿಟಿಷರ ಕಾಲದ ಯುದ್ಧ, ನೇವಿಯೋರು ತಗೊಂಡ್ರು. ಬಲೆ ಎಳೀತಿದ್ದ ರಾಟೆಗೇ ಉಕ್ಕಿನ ಹಗ್ಗ ಹಾಕಿ, ಶತ್ರುಗಳು ನೀರೊಳಗೆ ಬಿಟ್ಟಿದ್ದ ಬಾಂಬು ಹುಡುಕ್ತಿದ್ವಿ. ಯುದ್ಧ ಮುಗೀತು. ಅದು ವಾಪಸ್ ಮೀನಿಗೆ ಹೋಯ್ತು, ನಾನು ವಾಪಸ್ ಹೊಲಕ್ಕೆ ಬಂದೆ."

ಒಂದಿನ ಗೊರವಂಕ ಒಂದು ಬಲೆಗೆ ಸಿಕ್ಕಿ ಒದ್ದಾಡ್ತಿತ್ತು. ತಾತ ದ್ರಾಕ್ಷಿ ಕತ್ತರಿಯಲ್ಲೇ ಬಲೆ ಕತ್ತರಿಸಿ ಅದನ್ನ ಹಾರಿಬಿಟ್ರು. ಅಪ್ಪ ರೇಗಿದ್ರು. "ತೂತು ಮಾಡ್ಬಿಟ್ರೆ ನಾಳೆ ಹಿಂಡೇ ನುಗ್ಗುತ್ತೆ ಕಣಪ್ಪ."

"ಬಲೆ ಮತ್ತೆ ಹೆಣೀಬೋದು. ಹಕ್ಕೀನ ಹೆಣೆಯೋಕಾಗ್ತದಾ?" ಅಂದ ತಾತ, ಬಿದಿರು ಕಡ್ಡಿಗೆ ದಾರ ಸುತ್ತಿ ತೂತು ಹೆಣೆಯೋಕೆ ಕೂತೇಬಿಟ್ರು. ಆ ಗಂಟು, ಹಡಗಲ್ಲೇ ಉಳಿದಿದ್ದ ಹಳೇ ಮೀನುಗಾರರು ಕಲಿಸಿದ್ದಂತೆ. ದಾರ ಹಿಡಿಯೋ ಕೆಲಸ ನಂದು.

ನಿನ್ನೆ ಅರ್ಧ ಕಟ್ಟಿದ ಬಲೆಗೆ ಪಾರಿವಾಳ ಸಿಕ್ಕಿಹಾಕ್ಕೊಂಡಿತು. ನಾನು ಕತ್ತರಿ ತಂದೆ.

"ಕಟ್ ಮಾಡ್ಬೇಡಿ ಮೇಡಂ, ವಾರಂಟಿ ಸಿಗಲ್ಲ," ಅಂದ ಹುಡುಗ.

"ಇರಲಿ ಬಿಡಪ್ಪ," ಅಂದೆ. "ಹೆಣೆಯೋಕೆ ನಂಗೆ ಬರುತ್ತೆ."